ಗಂಡುಮಗು ಅಂತ ಬರೆಯುವ ಮೊದಲು ಬಟ್ಟೆ ಬಿಚ್ಚಿ ನೋಡಿ

ಕಾಸರಗೋಡು ಕಡೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ: ಗಂಡುಮಗುವನ್ನು ಒಳ್ಳೆ ಬೆಳಕಿನಲ್ಲಿ ಪೂರ್ತಿ ನೋಡದೆ ಮನೆಗೆ ಕಳಿಸಬೇಡಿ. ತೂಕ, ಅಳು, ಮೈಬಣ್ಣ ಎಲ್ಲ ಸರಿಯಾಗಿ ಬರೆಯುತ್ತೇವೆ. ಗುಪ್ತಾಂಗ ನೋಡುವಲ್ಲಿಗೆ ಬಂದಾಗ ಮಾತ್ರ ನಾಚಿಕೆ, ಅಲ್ವಾ?

ಮೊದಲು ನೋಡಬೇಕಾದದ್ದು ಹೈಪೋಸ್ಪೇಡಿಯಸ್. ಸುಮಾರು 200–300 ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. ಉಚ್ಚೆ ಹೋಗುವ ತೂತು ತುದಿಯಲ್ಲಿರುವುದಿಲ್ಲ, ಶಿಶ್ನದ ಕೆಳಬದಿಯಲ್ಲಿರುತ್ತದೆ, ಕೆಲವರಿಗೆ ಬೀಜದ ಚೀಲದ ಹತ್ತಿರವೂ ಇರಬಹುದು. ಮುಂದೊಗಲು ಮೇಲ್ಗಡೆ ಮಾತ್ರ ಟೊಪ್ಪಿಯ ಹಾಗೆ ಕೂತಿರುತ್ತದೆ, ಕೆಳಗೆ ಇರುವುದೇ ಇಲ್ಲ.

ಒಬ್ಬರು ಅಜ್ಜಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು, "ಸಿಸ್ಟರೇ, ನೋಡಿ, ಇವನಿಗೆ ಹುಟ್ಟುವಾಗಲೇ ಸುನ್ನತ್ ಆಗಿದೆ, ಒಳ್ಳೆಯದಲ್ವಾ?" ಅಂತ ಕೇಳಿದರು. ಮುಖದಲ್ಲಿ ಅಷ್ಟು ಖುಷಿ. ನಾನು ಪಕ್ಕದಲ್ಲಿ ಕೂತು ತೂತು ಎಲ್ಲಿದೆ ಅಂತ ತೋರಿಸಿದೆ. ಆಪರೇಷನ್‌ನಲ್ಲಿ ಮೂತ್ರನಾಳ ಸರಿಮಾಡಲು ಇದೇ ಚರ್ಮ ಬೇಕಾಗುತ್ತದೆ, ಹಾಗಾಗಿ ಮಕ್ಕಳ ಸರ್ಜನ್ ನೋಡುವವರೆಗೆ ಯಾರೂ ಇದನ್ನು ಕತ್ತರಿಸಬಾರದು ಅಂದೆ. ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನೇ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆದೆ. ಆಪರೇಷನ್ ಸಾಮಾನ್ಯವಾಗಿ 6ರಿಂದ 18 ತಿಂಗಳೊಳಗೆ ಮಾಡುತ್ತಾರೆ.

ಬೀಜ ಎರಡೂ ಚೀಲದಲ್ಲಿವೆಯಾ ಅಂತ ಮುಟ್ಟಿ ನೋಡಿ. ಕೈ ಬೆಚ್ಚಗಿರಲಿ, ತಣ್ಣಗಿದ್ದರೆ ಅವು ಮೇಲೆ ಸರಿಯುತ್ತವೆ. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲೂ 100ಕ್ಕೆ ಸುಮಾರು 3 ಮಂದಿಗೆ ಇಳಿದಿರುವುದಿಲ್ಲ. ತುಂಬಾ ಮಕ್ಕಳಲ್ಲಿ ಆರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಅಷ್ಟರಲ್ಲೂ ಇಳಿಯದಿದ್ದರೆ "ದೊಡ್ಡವನಾದಾಗ ಸರಿಯಾಗುತ್ತದೆ" ಅಂತ ಸುಮ್ನೆ ಕಾಯುವಂತಿಲ್ಲ.

ಎರಡೂ ಬೀಜ ಕೈಗೆ ಸಿಗದೆ, ಜೊತೆಗೆ ತೂತೂ ಕೆಳಗಿದ್ದರೆ ಗಂಡು ಅಂತ ಹೇಳಲೇಬೇಡಿ, ಕೂಡಲೇ ಡಾಕ್ಟರನ್ನು ಕರೆಯಿರಿ. ಅದು ಗರ್ಭಕೋಶ ಇರುವ ಹೆಣ್ಣುಮಗುವೂ ಆಗಿರಬಹುದು. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆಯಿಂದ ಹೊರಗಿನ ರೂಪ ಹಾಗೆ ಕಾಣುತ್ತದೆ. ಅಂಥ ಮಗು ಮೊದಲ ಎರಡು-ಮೂರು ವಾರದಲ್ಲಿ ವಾಂತಿಯಾಗಿ, ಮೈಯ ಉಪ್ಪು ಕಡಿಮೆಯಾಗಿ ಸಾಯಲೂಬಹುದು. ನನಗೆ ಜಾಸ್ತಿ ಹೆದರಿಕೆ ಇರುವುದು ಇದರದ್ದೇ. ಎರಡು ಶಿಶ್ನ ಇರುವ ಮಗು 50–60 ಲಕ್ಷಕ್ಕೊಂದು ಅನ್ನುತ್ತಾರೆ, ನಾನು ಕಂಡಿಲ್ಲ. ಅಂಥವರಿಗೆ ಕಿಡ್ನಿ, ಗುದದ್ವಾರ, ಬೆನ್ನುಮೂಳೆಯನ್ನೂ ಪರೀಕ್ಷಿಸುತ್ತಾರೆ.

ಎಣ್ಮಕಜೆ, ಪಡ್ರೆ ಕಡೆಯ ತಾಯಂದಿರಿಗೆ ಇನ್ನೊಂದು ಭಯ. "ಇದು ಎಂಡೋಸಲ್ಫಾನಿನಿಂದ ಆದದ್ದಾ?" ಅಂತ ಕೇಳುತ್ತಾರೆ. ಅಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ವಿಷ ಸುರಿದದ್ದು ನಿಜ, ಅಲ್ಲಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದೆ ಅಂತ 2003ರ ಅಧ್ಯಯನದಲ್ಲಿ ಬಂದದ್ದೂ ನಿಜ. ಆದರೆ ಈ ಒಂದು ಮಗುವಿಗೆ ಅದರಿಂದಲೇ ಆಯಿತು ಅಂತ ನೋಡಿ ಹೇಳಲು ಆಗುವುದಿಲ್ಲ. ಹೈಪೋಸ್ಪೇಡಿಯಸ್‌ಗೆ ಬಹಳ ಸಲ ಕಾರಣವೇ ಸಿಗುವುದಿಲ್ಲ. ಗ್ರಹಣದ ದಿನ ಹೊರಗೆ ಬಂದದ್ದಕ್ಕೆ ಹೀಗಾಯಿತು ಅಂತ ಅತ್ತೆ ಬೈಯುತ್ತಿದ್ದರೆ ಮಾತ್ರ ನಾನು ನಡುವೆ ಬಾಯಿ ಹಾಕುತ್ತೇನೆ. ಬಾಣಂತಿ ಅದನ್ನೆಲ್ಲ ಯಾಕೆ ಕೇಳಬೇಕು?

ನೋಡುವಾಗ ಪರದೆ ಎಳೆಯಿರಿ, ಪಕ್ಕದ ಹಾಸಿಗೆಯವರು ಇಣುಕದಿರಲಿ. ಅಪ್ಪಂದಿರು ಹೆಚ್ಚಾಗಿ ವಾರ್ಡಿನಿಂದ ಹೊರಗೆ ಬಂದ ಮೇಲೆ, ಮೆಲ್ಲಗೆ, "ಮುಂದೆ ಇವನಿಗೆ ಮಕ್ಕಳಾಗಬಹುದಾ?" ಅಂತ ಕೇಳುತ್ತಾರೆ. ತೂತು ತುದಿಯ ಹತ್ತಿರವೇ ಇದ್ದು ಬೀಜ ಸರಿಯಿದ್ದರೆ ಸಾಮಾನ್ಯವಾಗಿ ಆಗುತ್ತದೆ. ಅವರು ಕೇಳದಿದ್ದರೂ ಅದನ್ನು ಹೇಳಿಯೇ ಕಳಿಸಿ.