ಬೆಳಗಿನ 4:50ರ ಅಲಾರ್ಮ್

ಡಿಸೆಂಬರ್ 14, 2025, ಭಾನುವಾರ
ಸುಂದಾ ಜಲಸಂಧಿ ದಾಟಿ, ಹಿಂದೂ ಮಹಾಸಾಗರ

ಅರ್ತ್ ಫಾಲ್ಟ್, ಅಂದರೆ ಕರೆಂಟಿನ ವೈರು ಎಲ್ಲೋ ಹಡಗಿನ ಉಕ್ಕಿಗೆ ತಾಗಿದ್ದು, ಕೊನೆಗೂ ಸಿಕ್ಕಿತು. ಅದೂ ಮೀನಿನ ಕೋಣೆಯಲ್ಲಿ. ಇಷ್ಟು ದಿನ ಹಡಗಿನವರೆಲ್ಲ ಸೇರಿ ಅಡುಗೆಮನೆಯ ಮೇಲೆ ಗೂಬೆ ಕೂರಿಸಿದ್ದೇ ಬಂತು.

ನಮ್ಮದು ಬಲ್ಕ್ ಕ್ಯಾರಿಯರ್. ಇಂಡೋನೇಷ್ಯಾದ ಸಮರಿಂದಾದಲ್ಲಿ ಕಲ್ಲಿದ್ದಲು ತುಂಬಿಕೊಂಡು ನವಮಂಗಳೂರು ಬಂದರಿಗೆ ಹೊರಟಿದ್ದೇವೆ. ನಾನಿಲ್ಲಿ ಇಟಿಒ, ಅಂದರೆ ಕರೆಂಟಿಗೆ ಸಂಬಂಧಪಟ್ಟ ಆಫೀಸರ್. ನಮ್ಮವರ ಬಾಯಲ್ಲಿ ‘ಬತ್ತಿ ಸಾಬ್’. ಬಲ್ಬು ಹೋದರೂ ನಾನೇ, ಜನರೇಟರ್ ಮುನಿಸಿಕೊಂಡರೂ ನಾನೇ, ಯಾರದೋ ಕ್ಯಾಬಿನ್ನಿನಲ್ಲಿ ವೈಫೈ ಬರದಿದ್ದರೂ ನಾನೇ.

ಮನೆಯ ವೈರಿಂಗ್ ಗೊತ್ತಿರುವವರಿಗೆ ಹಡಗಿನದ್ದು ಮೊದಲು ವಿಚಿತ್ರ ಅನಿಸುತ್ತದೆ. ಇಲ್ಲಿ 440 ವೋಲ್ಟ್, 60 ಹರ್ಟ್ಜ್, ಮೂರು ಫೇಸ್. ನ್ಯೂಟ್ರಲ್ ಅನ್ನು ಅರ್ತ್‌ಗೆ ಕಟ್ಟಿರುವುದಿಲ್ಲ. ಮನೆಯಲ್ಲಿ ಫೇಸ್ ವೈರು ಎಲ್ಲಾದರೂ ಯಂತ್ರದ ಲೋಹದ ಮೈಗೆ ತಾಗಿದರೆ ಫ್ಯೂಸ್ ಹೋಗುತ್ತದೆ, ಇಲ್ಲ ಬ್ರೇಕರ್ ಬೀಳುತ್ತದೆ. ಹಡಗಿನಲ್ಲಿ ಒಂದು ಫೇಸ್ ಉಕ್ಕಿಗೆ ತಾಗಿದರೂ ಮೋಟಾರು ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ. ಬೇಕಂತಲೇ ಹೀಗೆ ಮಾಡಿದ್ದು. ಇಕ್ಕಟ್ಟಾದ ಜಾಗದಲ್ಲಿ ಹೋಗುವಾಗ ಚುಕ್ಕಾಣಿಯ ಮೋಟಾರು ಸಣ್ಣ ಲೀಕೇಜಿಗೆಲ್ಲ ನಿಂತುಬಿಟ್ಟರೆ ಹಡಗು ಸೀದಾ ದಡಕ್ಕೇ. ಆ ಮೋಟಾರಿಗೆ ಓವರ್‌ಲೋಡ್ ಟ್ರಿಪ್ಪನ್ನೂ ಇಡುವುದಿಲ್ಲ. ಅಲಾರ್ಮ್ ಹೊಡೆಯುತ್ತದೆ, ಅಷ್ಟೆ. ಮೋಟಾರು ಸುಟ್ಟರೂ ಪರವಾಗಿಲ್ಲ, ಹಡಗು ತಿರುಗಬೇಕು.

ಹಾಗಂತ ಫಾಲ್ಟನ್ನು ಬಿಟ್ಟು ಕೂರುವ ಹಾಗಿಲ್ಲ. ಇವತ್ತು ಒಂದು ಫೇಸ್ ತಾಗಿದೆ. ನಾಳೆ ಬೇರೆಲ್ಲೋ ಇನ್ನೊಂದು ಫೇಸ್ ತಾಗಿತು ಅಂದರೆ ಎರಡರ ನಡುವೆ ಇಡೀ ಹಡಗೇ ತಂತಿಯಾಗುತ್ತದೆ. ಆಗ ಶಾರ್ಟ್ ಸರ್ಕ್ಯೂಟ್. ಯಾವ ಬ್ರೇಕರ್ ಬೀಳುತ್ತದೋ, ಅದರ ಜೊತೆ ಏನೇನು ನಿಲ್ಲುತ್ತದೋ ದೇವರಿಗೇ ಗೊತ್ತು. ಅದಕ್ಕೇ ಮೇನ್ ಸ್ವಿಚ್‌ಬೋರ್ಡಿನಲ್ಲಿ ಮೂರು ಅರ್ತ್ ಲ್ಯಾಂಪ್, ಪಕ್ಕದಲ್ಲಿ ಇನ್ಸುಲೇಷನ್ ಮೀಟರ್. ಅದರ ಮುಳ್ಳು ಮೇಲಿದ್ದರೆ ಒಳ್ಳೆಯದು, ಸೊನ್ನೆಗೆ ಬಿದ್ದರೆ ಕರೆಂಟು ಉಕ್ಕಿಗೆ ಸೋರುತ್ತಿದೆ ಅಂತ. ಮೂರೂ ದೀಪ ಒಂದೇ ಸಮ ಉರಿದರೆ ಕ್ಷೇಮ. ಒಂದು ಮಂಕಾಗಿ ಉಳಿದೆರಡು ಜಾಸ್ತಿ ಉರಿದರೆ ಆ ಮಂಕಾದ ಫೇಸು ಎಲ್ಲೋ ತಾಗಿದೆ ಅಂತ ಲೆಕ್ಕ.

ನಮ್ಮಲ್ಲಿ ಈ ವಾರ ಬೆಳಿಗ್ಗೆ 5:50ಕ್ಕೆ ಒಂದು ದೀಪ ಮಂಕಾಗುತ್ತಿತ್ತು, ಮೀಟರಿನ ಮುಳ್ಳು ಹೆಚ್ಚುಕಮ್ಮಿ ಸೊನ್ನೆಗೆ ಬೀಳುತ್ತಿತ್ತು. ಸುಮಾರು ಇಪ್ಪತ್ತು ನಿಮಿಷ. ಆಮೇಲೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಮೇಲೇರುತ್ತಿತ್ತು. ಸಂಜೆ 5:50ಕ್ಕೆ ಪುನಃ ಅದೇ ಕಥೆ. ರಾತ್ರಿ ಇಂಜಿನ್ ರೂಮಿನಲ್ಲಿ ಯಾರೂ ಇರುವುದಿಲ್ಲ, ಅಲಾರ್ಮ್ ಡ್ಯೂಟಿಯವರ ಕ್ಯಾಬಿನ್ನಿನಲ್ಲಿ ಹೊಡೆಯುತ್ತದೆ. ಥರ್ಡ್ ಇಂಜಿನಿಯರ್ ಎದ್ದು ನನಗೆ ಫೋನ್ ಮಾಡಿ, ನಾನು ಬಾಯ್ಲರ್ ಸೂಟ್ ಸಿಕ್ಕಿಸಿಕೊಂಡು ಇಳಿದು, ಚೀಫ್ ಇಂಜಿನಿಯರಿಗೆ ಹೇಳಿ, ಮೇಲೆ ಹಡಗು ನಡೆಸುವ ಬ್ರಿಡ್ಜಿಗೂ ತಿಳಿಸಿ, ಒಂದೊಂದೇ ಬ್ರೇಕರ್ ತೆಗೆದು ನೋಡಲು ಶುರು ಮಾಡುವಷ್ಟರಲ್ಲಿ ಫಾಲ್ಟ್ ಮಾಯ. ನಡುಸಮುದ್ರದಲ್ಲಿ ಎಲ್ಲ ಬ್ರೇಕರ್ ತೆಗೆಯಲೂ ಆಗುವುದಿಲ್ಲ ಅಲ್ವಾ? ಮೇನ್ ಇಂಜಿನ್ನಿನ ಎಣ್ಣೆ ಪಂಪನ್ನು ಸುಮ್ನೆ ಆಫ್ ಮಾಡಿ ನೋಡೋಣ ಅಂತ ಹೇಳಿದರೆ ಚೀಫ್ ನನ್ನನ್ನೇ ಸಮುದ್ರಕ್ಕೆ ಎಸೆದಾರು.

ಬೆಳಿಗ್ಗೆ ತಿಂಡಿಯ ಹೊತ್ತು, ಸಂಜೆ ಊಟದ ಹೊತ್ತು. ಯಾರಿಗಾದರೂ ಮೊದಲು ಅನುಮಾನ ಬರುವುದು ಅಡುಗೆಮನೆಯ ಮೇಲೆಯೇ. ತಪ್ಪೇನಲ್ಲ. ಹಾಟ್‌ಪ್ಲೇಟು, ಓವನ್ನು, ನೆಲ ತೊಳೆಯುವ ನೀರು. ಫಾಲ್ಟ್ ಹುಟ್ಟಲು ಅದಕ್ಕಿಂತ ಒಳ್ಳೆ ಜಾಗ ಹಡಗಿನಲ್ಲಿಲ್ಲ. ಕುಕ್ ಉಳ್ಳಾಲದವರು, ವಯಸ್ಸಿನಲ್ಲಿ ಹಿರಿಯರು. ನಾನು ಮೆಗ್ಗರ್, ಅಂದರೆ ಇನ್ಸುಲೇಷನ್ ಪರೀಕ್ಷಿಸುವ ಮೀಟರ್, ಹಿಡಿದು ಬಾಗಿಲಲ್ಲಿ ಕಂಡರೆ ಸಾಕು, "ಎಂತ ಬತ್ತಿ ಸಾಬ್, ಪುನಃ ನನ್ನ ಒಲೆಯಾ? ಅದರಲ್ಲಿ ಎಂತದೂ ಇಲ್ಲ ಮಾರಾಯ್ರೆ" ಅನ್ನುತ್ತಿದ್ದರು. ನೋಡಿದರೆ ನಿಜಕ್ಕೂ ಏನೂ ಇರಲಿಲ್ಲ. ಆದರೆ ಮೆಸ್ಸಿನಲ್ಲಿ ಕೂತವರೆಲ್ಲ ನಗುವವರೇ.

ಅವರನ್ನು ಬಿಡಿಸಿದ್ದು ಗಡಿಯಾರ. ಪಶ್ಚಿಮಕ್ಕೆ ಹೋಗುವಾಗ ಹಡಗಿನ ಟೈಮನ್ನು ಆಗಾಗ ಹಿಂದೆ ತಿರುಗಿಸುತ್ತೇವೆ. ಸಮರಿಂದಾದಿಂದ ಭಾರತದವರೆಗೆ ಒಟ್ಟು ಎರಡೂವರೆ ತಾಸು. ಶುಕ್ರವಾರ ರಾತ್ರಿ ಒಂದು ತಾಸು ಹಿಂದೆ ಹಾಕಿದರು. ಶನಿವಾರ ಬೆಳಿಗ್ಗೆ ಅಲಾರ್ಮ್ ಹೊಡೆದದ್ದು 4:50ಕ್ಕೆ. ಆಗ ಕುಕ್ ಇನ್ನೂ ಹಾಸಿಗೆಯಲ್ಲಿ, ಒಲೆ ತಣ್ಣಗೆ. ಅಂದರೆ ಈ ಫಾಲ್ಟು ಮನುಷ್ಯರ ಜೊತೆ ಟೈಮ್ ಬದಲಾಯಿಸಿಕೊಳ್ಳುವುದಲ್ಲ. ಗಡಿಯಾರ ತಿರುಗಿಸಿದ ಸುದ್ದಿ ಮುಟ್ಟದೆ, ತನ್ನ ಹನ್ನೆರಡು ತಾಸಿನ ಲೆಕ್ಕದಲ್ಲೇ ನಡೆಯುವ ಏನೋ ಒಂದು.

ಅಂಥದ್ದು ಯಾವುದಿದೆ ಅಂತ ಯೋಚಿಸಿದರೆ ಉತ್ತರ ಬೇಗ ಸಿಗುತ್ತದೆ. ಕೋಲ್ಡ್ ರೂಮಿನ ಡಿಫ್ರಾಸ್ಟ್ ಟೈಮರ್. ಮೀನು, ಮಾಂಸದ ಕೋಣೆಗಳು ಮೈನಸ್ 18 ಡಿಗ್ರಿಯಲ್ಲಿರುತ್ತವೆ. ಗಾಳಿ ತಣಿಸುವ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಅದನ್ನು ಕರಗಿಸಲು ಟೈಮರ್ ದಿನಕ್ಕೆರಡು ಸಲ ಹೀಟರ್ ಹಾಕುತ್ತದೆ, ನಮ್ಮಲ್ಲಿ ಇಪ್ಪತ್ತು ನಿಮಿಷ. ತರಕಾರಿ ಕೋಣೆಗೆ ಈ ರಗಳೆ ಇಲ್ಲ. ಮಾಂಸದ್ದು, ಮೀನಿನದ್ದು ಬೇರೆ ಬೇರೆ ಹೊತ್ತಿಗೆ ಇಟ್ಟಿದೆ.

ಇವತ್ತು ಬೆಳಿಗ್ಗೆ 4:45ಕ್ಕೇ ಸ್ವಿಚ್‌ಬೋರ್ಡಿನ ಎದುರು ಹೋಗಿ ನಿಂತೆ. ಸರಿಯಾಗಿ 4:50ಕ್ಕೆ ದೀಪ ಮಂಕಾಯಿತು. ವಾಕಿಟಾಕಿಯಲ್ಲಿ ಹೇಳಿದೆ, ಕೋಲ್ಡ್ ರೂಮಿನ ಪ್ಯಾನೆಲ್ ಹತ್ತಿರ ನಿಂತಿದ್ದ ಜೂನಿಯರ್ ಇಂಜಿನಿಯರ್ ಮೀನಿನ ಕೋಣೆಯ ಹೀಟರ್ ಬ್ರೇಕರ್ ಕೆಳಗೆ ಹಾಕಿದ. ಮುಳ್ಳು ಚಂಗನೆ ಮೇಲೆ ಹಾರಿತು. ಅದನ್ನು ನೋಡುವ ಖುಷಿ ಈ ಕೆಲಸದಲ್ಲಿರುವವರಿಗೇ ಗೊತ್ತು.

ರಿಪೇರಿ ಅಷ್ಟು ಖುಷಿಯದ್ದಲ್ಲ. ಬ್ರೇಕರಿಗೆ ಬೀಗ ಹಾಕಿ, ಟ್ಯಾಗ್ ಕಟ್ಟಿ, ಒಳಗೆ ಸಿಕ್ಕಿಕೊಂಡರೆ ಒತ್ತುವ ಬೆಲ್ ಹೊಡೆಯುತ್ತದಾ ಅಂತ ನೋಡಿ, ಜೂನಿಯರನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಹೋದೆ. ಬಂಗುಡೆಯ ಪೆಟ್ಟಿಗೆಗಳನ್ನು ಸರಿಸಿ ಕಾಯಿಲಿನ ಮುಚ್ಚಳ ಬಿಚ್ಚುವಾಗ ಸ್ಕ್ರೂ ಕೈಗವಸಿನಲ್ಲಿ ನಿಲ್ಲುವುದಿಲ್ಲ, ಗವಸು ತೆಗೆದರೆ ಬೆರಳು ಲೋಹಕ್ಕೆ ಅಂಟುತ್ತದೆ. ಮೂರು ಹೀಟರ್ ಸ್ಟಾರ್ ಕನೆಕ್ಷನ್ನಿನಲ್ಲಿವೆ, ಅಂದರೆ ಒಂದೊಂದರ ಒಂದು ತುದಿ ಒಂದೊಂದು ಫೇಸಿಗೆ, ಇನ್ನೊಂದು ತುದಿ ಮೂರರದ್ದೂ ಒಟ್ಟಿಗೆ. ಬಿಡಿಸಿ ಒಂದೊಂದಕ್ಕೇ 500 ವೋಲ್ಟಿನ ಮೆಗ್ಗರ್ ಹಾಕಿದೆ. ಎರಡು ಚೆನ್ನಾಗಿವೆ. ಮೂರನೆಯದು ಪೂರ್ತಿ ಸೊನ್ನೆ. ತುದಿಯ ರಬ್ಬರ್ ಸೀಲ್ ಬಿರಿದು ಕರಗಿದ ನೀರು ಒಳಗೆ ಇಳಿದಿದೆ.

ಸ್ಟೋರಿನಲ್ಲಿ ಆ ಉದ್ದದ ಸ್ಪೇರ್ ಇಲ್ಲ. ಆದ್ದರಿಂದ ಕೆಟ್ಟದ್ದನ್ನು ಕಳಚಿಟ್ಟು ಎರಡರಲ್ಲೇ ಓಡಿಸುತ್ತಿದ್ದೇವೆ. ಜೂನಿಯರ್ ಹೇಳಿದ, "ಮೂರರಲ್ಲಿ ಎರಡು ಪಾಲು ಬಿಸಿ ಬರುತ್ತದಲ್ಲ, ಸಾಕು." ಬರುವುದಿಲ್ಲ. ಸ್ಟಾರಿನ ಒಂದು ಕಾಲು ಹೋದರೆ ಉಳಿದೆರಡು 440 ವೋಲ್ಟಿಗೆ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದು, ಬೀಳುತ್ತವೆ. 254 ಸಿಗುತ್ತಿದ್ದ ಹೀಟರಿಗೆ ಈಗ 220 ವೋಲ್ಟ್. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಒಂದೊಂದರದ್ದೂ ಮುಕ್ಕಾಲು. ಎರಡೂ ಸೇರಿದರೆ ಮೊದಲಿನ ಒಟ್ಟು ಶಾಖದಲ್ಲಿ ಸರಿಯಾಗಿ ಅರ್ಧ. ಹಾಗಾಗಿ ಟೈಮರನ್ನು 40 ನಿಮಿಷಕ್ಕೆ ಇಟ್ಟೆ. ಅವನು ಇದನ್ನು ಪುಸ್ತಕದಲ್ಲಿ ಬರೆದುಕೊಂಡ, ಪರೀಕ್ಷೆಗೆ ಬರುತ್ತದಂತೆ.

ಪ್ಯಾನೆಲ್ ಹೇಗೂ ತೆರೆದಿತ್ತು. ಅದರೊಳಗಿನ ಒಂದೊಂದು ವೈರನ್ನೂ ಹಿಡಿದು ಮೆಲ್ಲಗೆ ಎಳೆದು ನೋಡಿದೆ. ಕಳೆದ ತಿಂಗಳು ಡಾಲಿ ಹಡಗಿನ ತನಿಖೆಯ ಫಲಿತಾಂಶ ಬಂದ ಮೇಲೆ ಇದನ್ನು ಬಿಡುತ್ತಿಲ್ಲ. 2024ರ ಮಾರ್ಚ್ 26ರಂದು ಬಾಲ್ಟಿಮೋರ್‌ನಲ್ಲಿ ಕರೆಂಟ್ ಹೋಗಿ ಆ ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಗುದ್ದಿತ್ತು. ಸೇತುವೆಯ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ ಆರು ಜನ ಸತ್ತರು. ಹಡಗಿನಲ್ಲಿದ್ದವರು ಹೆಚ್ಚಿನವರು ಭಾರತದವರೇ. ಕರೆಂಟ್ ಮೊದಲು ಹೋಗಲು ಕಾರಣ ಒಂದು ಸಣ್ಣ ಸಿಗ್ನಲ್ ವೈರು ಅಂತ ಅಮೆರಿಕದ ತನಿಖಾ ಮಂಡಳಿ ಹೇಳಿತು. ವೈರಿನ ನಂಬರ್ ಬರೆದ ಲೇಬಲ್ ಪಟ್ಟಿ ಅಡ್ಡ ಬಂದು, ವೈರಿನ ತುದಿ ಟರ್ಮಿನಲ್ಲಿನ ಸ್ಪ್ರಿಂಗಿನೊಳಗೆ ಪೂರ್ತಿ ಕೂತಿರಲಿಲ್ಲ. ಯಾವ ವೈರು ಎಲ್ಲಿಗೆ ಅಂತ ತಿಳಿಯಲಿ ಎಂದು ಹಾಕುವ ಲೇಬಲ್ ಅದು! ಥರ್ಮಲ್ ಕ್ಯಾಮೆರಾ ನಮ್ಮಲ್ಲೂ ಇದೆ, ದಪ್ಪ ಕೇಬಲ್ಲಿನ ಸಡಿಲ ಜಾಯಿಂಟ್ ಹಿಡಿಯಲು ಅದಕ್ಕೆ ಸಾಟಿ ಇಲ್ಲ. ಆದರೆ ಇಂಥ ವೈರಿನಲ್ಲಿ ಹರಿಯುವ ಕರೆಂಟೇ ಚೂರು, ಬಿಸಿಯಾಗುವುದೂ ಅಷ್ಟಕ್ಕಷ್ಟೆ. ನನ್ನ ನಂಬಿಕೆ ಇನ್ನೂ ಕೈಯ ಮೇಲೆಯೇ. ಇವತ್ತು ಎರಡು ಸ್ಕ್ರೂ ಸಡಿಲ ಇದ್ದವು, ಬಿಗಿ ಮಾಡಿದೆ. ಎಂಜಿನ್ನಿನ ನಡುಕಕ್ಕೆ ಇವೆಲ್ಲ ಮಾಮೂಲು.

ಭಾನುವಾರದ ಬಿರಿಯಾನಿ ಮುಗಿಸಿ ಸ್ವಲ್ಪ ಅಡ್ಡಾಗಿ, 4:50ಕ್ಕೆ ಪುನಃ ಕೆಳಗೆ ಹೋದೆ. ಹೀಟರ್ ಹಾಕಿಕೊಂಡಿತು. ಮೂರೂ ದೀಪ ಒಂದೇ ಸಮ. ಮುಳ್ಳು ಅಲ್ಲಾಡಲಿಲ್ಲ.

ಮೇಲೆ ಬಂದು ಕುಕ್‌ಗೆ, "ಅಣ್ಣ, ನಿಮ್ಮ ಒಲೆಯದ್ದು ಏನೂ ತಪ್ಪಿಲ್ಲ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಒಂದು ವಿಷಯ ಹೇಳ್ತೇನೆ ಬತ್ತಿ ಸಾಬ್. ಎಡಬದಿಯ ಪ್ಲೇಟು ಬುಧವಾರದಿಂದ ಬಿಸಿಯೇ ಆಗ್ತಿಲ್ಲ. ಹೇಳಿದ್ರೆ ಎಲ್ಲ ನನ್ನ ತಲೆಗೇ ಕಟ್ತೀರಿ ಅಂತ ಮಾತಾಡಲಿಲ್ಲ" ಅಂದರು. ನಾಳೆ ತಿಂಡಿ ಆದ ಮೇಲೆ ಅದನ್ನು ಬಿಚ್ಚಬೇಕು.