ದೂಧ್‌ಸಾಗರಕ್ಕೆ ಹೊರಟಿದ್ದೀರಾ? ಮೊದಲು ಚಪ್ಪಲಿ ನೋಡಿಕೊಳ್ಳಿ

ಗೋವಾದ ವಾಸ್ಕೋದಲ್ಲಿ ಮನೆ ಮಾಡಿ ಒಂಬತ್ತು ವರ್ಷವಾದರೂ ದೂಧ್‌ಸಾಗರ ಜಲಪಾತ ನೋಡಿರಲಿಲ್ಲ. ದೀಪಾವಳಿ ರಜೆಗೆ ಹುಬ್ಬಳ್ಳಿಯಿಂದ ಅಕ್ಕನ ಮನೆಯವರು ಬಂದರು. "ಪ್ರತಿ ಸಲ ಬೀಚೇ ತೋರಿಸ್ತೀಯಲ್ಲೋ" ಅಂದಳು ಅಕ್ಕ. ಹೊರಟೆವು.

ಮಳೆಗಾಲದಲ್ಲಿ ಜಲಪಾತಕ್ಕೆ ಹೋಗುವ ಜೀಪ್ ಬಿಡುವುದಿಲ್ಲ, ಹಳ್ಳ ತುಂಬಿರುತ್ತದೆ. ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಬೇಸಿಗೆಗೆ ಹೋದರೆ ಬಂಡೆ ಮೇಲೆ ನಾಲ್ಕು ಎಳೆ ನೀರು ನೋಡಿ ಬರಬೇಕಾಗುತ್ತದೆ. ನನ್ನ ಕೇಳಿದರೆ ಡಿಸೆಂಬರ್ ಒಳಗೆ ಹೋಗಿ, ಭಾನುವಾರ ಮಾತ್ರ ಬೇಡ.

ಜೀಪ್ ಹತ್ತುವುದು ಕುಳೆಂನಲ್ಲಿ. ವಾಸ್ಕೋ, ಮಡಗಾಂವ್ ಕಡೆಯಿಂದ ರೈಲಿನಲ್ಲೇ ಬರಬಹುದು. ಒಂದು ಜೀಪಿಗೆ 7 ಜನ. ನಾವು ಐವರು, ಹಾಗಾಗಿ ಸುಮ್ನೆ ಕಾಯುತ್ತ ನಿಂತೆವು. ನಮ್ಮ ಮಾತು ಕೇಳಿ ಬಾಗಲಕೋಟೆಯ ಇಬ್ಬರು ಹುಡುಗರು ತಾವಾಗಿಯೇ ಬಂದು ಸೇರಿಕೊಂಡರು. ಬಾಡಿಗೆ ಬಿಟ್ಟು ಅರಣ್ಯದ ಟಿಕೆಟ್, ಲೈಫ್ ಜಾಕೆಟ್‌ಗೆ ಬೇರೆ ದುಡ್ಡು. ಕೈಯಲ್ಲಿ ನಗದು ಇರಲಿ.

ಕಾಡಿನಲ್ಲಿ ಸುಮಾರು 12 ಕಿ.ಮೀ. ಹಾದಿ. ಮೈಯೆಲ್ಲ ಕುಲುಕಿ ಹಾಕುತ್ತದೆ. ಜೀಪ್ ಹಳ್ಳಕ್ಕೆ ಇಳಿದಾಗ ನೀರು ಕಾಲಿಗೇ ಬಂತು, ಅಕ್ಕ ಒಂದು ಕೈಯಲ್ಲಿ ಸೀರೆ ಇನ್ನೊಂದರಲ್ಲಿ ಬುತ್ತಿ ಎತ್ತಿ ಹಿಡಿದು ಕೂತಳು. ಆದರೆ ಆ ಬುತ್ತಿ ನಮಗೆ ದಕ್ಕಲಿಲ್ಲ. ಇಳಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ಕೋತಿ ಬಂದು ಕಿತ್ತುಕೊಂಡು, ಶೇಂಗಾ ಚಟ್ನಿ ಚೆಲ್ಲಿ, ರೊಟ್ಟಿ ಮಾತ್ರ ಒಯ್ದಿತು!

ಅಲ್ಲಿಂದ ಬಂಡೆಗಳ ಮೇಲೆ ನಡಿಗೆ. ನನ್ನ ಹವಾಯಿ ಚಪ್ಪಲಿಯ ಉಂಗುಷ್ಠ ಅಲ್ಲೇ ಕಿತ್ತಿತು, ಪಿನ್ನು ಚುಚ್ಚಿಕೊಂಡು ಕುಂಟಿದೆ. ಹಿಡಿತ ಇರುವ ಬೂಟು ಹಾಕಿಕೊಳ್ಳಿ. ಜೀಪಿನವರು ಕೊಡುವ ಒಂದೂವರೆ ಗಂಟೆಯಲ್ಲಿ ನಡಿಗೆಯೂ ಸೇರಿರುತ್ತದೆ, ನೆನಪಿರಲಿ.

ಎದುರಿಗೆ ನಿಂತರೆ ಕುತ್ತಿಗೆ ನೋಯುತ್ತದೆ. 310 ಮೀಟರ್ ಎತ್ತರ, ನಾಲ್ಕು ಹಂತ. ಜಲಪಾತದ ನಡುವಿನ ರೈಲು ಸೇತುವೆ ಮೇಲೆ ಗೂಡ್ಸ್ ಗಾಡಿ ಹೋಯಿತು, ಮಕ್ಕಳ ಆಟಿಕೆಯಷ್ಟೇ ಕಂಡಿತು. ಈ ನೀರು ಮುಂದೆ ಮಾಂಡವಿ ಸೇರುತ್ತದೆ, ಅಂದರೆ ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯನ್ನೇ. ಕೊಳದಲ್ಲಿ ಜಾಕೆಟ್ ಬಿಚ್ಚಬೇಡಿ, ಕಾಲ ಕೆಳಗಿನ ಕಲ್ಲು ಪಾಚಿಗಟ್ಟಿರುತ್ತದೆ.

ಹಳಿ ಮೇಲೆ ನಡೆದುಕೊಂಡು ಹೋಗುವ ಯೋಚನೆ ಬಿಡಿ. ಅದಕ್ಕೆ ನಿಷೇಧವಿದೆ, ಹಿಡಿದರೆ ದಂಡ. ಮಳೆಗಾಲದ ಜಲಪಾತ ಬೇಕೆಂದರೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಬರುವ ರೈಲು ಹತ್ತಿ. ಘಟ್ಟ ಇಳಿಯುವುದು ಹಗಲಲ್ಲೇನಾ ಅಂತ ವೇಳಾಪಟ್ಟಿ ನೋಡಿಯೇ ಟಿಕೆಟ್ ಮಾಡಿ. ರಾತ್ರಿ ಗಾಡಿಯಲ್ಲಿ ಬಂದರೆ ಸದ್ದಷ್ಟೇ ಕೇಳುತ್ತದೆ. ಅಕ್ಕ ಆಗಸ್ಟ್‌ಗೆ ಹಾಗೇ ಬರುತ್ತೇನೆ ಅಂದಿದ್ದಾಳೆ, ಈ ಸಲ ಬುತ್ತಿ ಇಲ್ಲದೆ.