ಬಿಚ್ಚದೆ ಬಿಟ್ಟ ಟೂರ್ನಿಕೆಟ್

ನಮ್ಮ ಡಯಾಲಿಸಿಸ್ ಘಟಕದ ನಾಲ್ಕನೇ ಯಂತ್ರ ಕಾರಣವಿಲ್ಲದೆ ಕೂಗಿಕೊಳ್ಳುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ. ದೂರು ಬರೆದು ತಿಂಗಳುಗಳಾಗಿದ್ದರೂ ಆಡಳಿತದವರಿಗೆ ಅದು ಇನ್ನೂ ‘ನಡೆಯುತ್ತಿರುವ ಯಂತ್ರ’ವೇ ಆಗಿತ್ತು. ಆದ್ದರಿಂದ ಅಂದು ಎರಡನೇ ಶಿಫ್ಟಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿಗೆ ಸೂಜಿ ಹಾಕಿ, ಪಂಪನ್ನು ನಿಮಿಷಕ್ಕೆ 300 ಮಿ.ಲೀ.ಗೆ ಏರಿಸಿದ ಕೂಡಲೇ ವೀನಸ್ ಪ್ರೆಷರ್, ಅಂದರೆ ರಕ್ತ ದೇಹಕ್ಕೆ ಮರಳುವ ಕಡೆಯ ಒತ್ತಡ, 260 ದಾಟಿ ಪಂಪ್ ನಿಂತಾಗ, ನಾನು ಮೊದಲು ಮಾಡಿದ ಕೆಲಸ ಯಂತ್ರವನ್ನು ಬೈದದ್ದು.

ಪಂಪನ್ನು 200ಕ್ಕೆ ಇಳಿಸಿದೆ, ಮತ್ತೆ ಅಲಾರಂ. ಲೈನ್ ಎಲ್ಲಾದರೂ ಮಡಚಿದೆಯೇ ಎಂದು ಉದ್ದಕ್ಕೂ ತಡಕಿದೆ, ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಫಿಲ್ಟರ್ ಬದಲಾಯಿಸಿದೆ. ರಕ್ತ ಮರಳುವ ಸೂಜಿಗೆ ಸಿರಿಂಜ್ ಹಚ್ಚಿ ಸಲೈನ್ ತಳ್ಳಿದರೆ ತುಸು ಬಿಗಿಯಾಗಿಯಾದರೂ ಹೋಯಿತು, ಎಳೆದರೆ ರಕ್ತ ಸರಾಗವಾಗಿ ಬಂತು. ಸೂಜಿ ಸರಿಯಿದೆ, ಹಾಗಾದರೆ ತಪ್ಪು ಯಂತ್ರದ್ದೇ ಎಂದು ತೀರ್ಮಾನಿಸಿಬಿಟ್ಟೆ. ‘ಸಿಸ್ಟರ್, ಕೈ ಜೋಮು ಹಿಡೀತಿದೆ’ ಎಂದರು ಮೇಷ್ಟ್ರು. ‘ಸ್ವಲ್ಪ ತಡ್ಕೊಳ್ಳಿ ಮೇಷ್ಟ್ರೇ’ ಎಂದೆನೇ ಹೊರತು ಆ ಕೈಯನ್ನು ಮುಟ್ಟಿ ನೋಡಲಿಲ್ಲ. ಪಂಪ್ ನಿಂತಷ್ಟೂ ಹೊತ್ತು ರಕ್ತ ಲೈನಿನಲ್ಲಿ ನಿಂತೇ ಇರುತ್ತದೆ. ಸರ್ಕ್ಯೂಟ್ ಹೆಪ್ಪುಗಟ್ಟಿದರೆ, ಮೊದಲೇ ರಕ್ತಹೀನತೆಯಿರುವ ಅವರಿಗೆ ಅದರೊಳಗಿನ ಸುಮಾರು 200 ಮಿ.ಲೀ. ರಕ್ತವೂ ನಷ್ಟ. ನನ್ನ ಗ್ಲೌಸಿನೊಳಗೆ ಬೆವರು ಇಳಿಯುತ್ತಿತ್ತು.

ಇನ್‌ಚಾರ್ಜ್ ಸಿಸ್ಟರ್ ಬಂದವರು ಪರದೆಯತ್ತ ಕಣ್ಣು ಹಾಯಿಸಲೂ ಇಲ್ಲ. ಸೂಜಿ ಹಾಕಲೆಂದು ಶಸ್ತ್ರಚಿಕಿತ್ಸೆಯಿಂದ ಸಿದ್ಧಪಡಿಸಿದ ರಕ್ತನಾಳವಾದ ಫಿಸ್ಟುಲಾದ ಮೇಲೆ ಎರಡು ಬೆರಳಿಟ್ಟು, ‘ಥ್ರಿಲ್ ಎಲ್ಲಿದೆ?’ ಎಂದರು. ಬೆಕ್ಕು ಗುರುಗುಟ್ಟಿದಂತೆ ಸದಾ ಬೆರಳಿಗೆ ಸಿಗಬೇಕಾಗಿದ್ದ ಕಂಪನದ ಬದಲು ಅಲ್ಲಿ ಗಟ್ಟಿಯಾದ ಬಡಿತವಿತ್ತು, ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಅವರು ಎಸಿ ಚಳಿಗೆಂದು ಮೇಷ್ಟ್ರು ಹೊದ್ದಿದ್ದ ಶಾಲನ್ನು ಮೊಣಕೈಯಿಂದ ಮೇಲಕ್ಕೆ ಸರಿಸಿದರು. ಸೂಜಿ ಹಾಕುವಾಗ ರಕ್ತನಾಳ ಉಬ್ಬಲೆಂದು ನಾನೇ ಕಟ್ಟಿದ್ದ ಟೂರ್ನಿಕೆಟ್ ಪಟ್ಟಿ ತೋಳಿನಲ್ಲಿ ಹಾಗೆಯೇ ಇತ್ತು.

1628ರಲ್ಲಿ ರಕ್ತಪರಿಚಲನೆಯನ್ನು ನಿರೂಪಿಸುವಾಗ ವಿಲಿಯಂ ಹಾರ್ವೆ ತೋರಿಸಿದ್ದೂ ಇದನ್ನೇ: ತೋಳಿಗೆ ಪಟ್ಟಿಯನ್ನು ಬಲವಾಗಿ ಬಿಗಿದರೆ ಅಪಧಮನಿಯೂ ಮುಚ್ಚಿ ಕೈ ತಣ್ಣಗಾಗುತ್ತದೆ, ತುಸು ಸಡಿಲಿಸಿದರೆ ಆಳದಲ್ಲಿರುವ ಅಪಧಮನಿ ರಕ್ತವನ್ನು ಒಳಗೆ ಬಿಡುತ್ತದೆ, ಮೇಲಿನ ಅಭಿಧಮನಿ ಮಾತ್ರ ಹೊರಗೆ ಬಿಡದೆ ಕೈ ಊದಿಕೊಳ್ಳುತ್ತದೆ. ಅಪಧಮನಿಯನ್ನು ನೇರವಾಗಿ ಅಭಿಧಮನಿಗೆ ಹೊಲಿದಿರುವ ಫಿಸ್ಟುಲಾದಲ್ಲಂತೂ ನಡುವೆ ವೇಗ ತಗ್ಗಿಸುವ ಲೋಮನಾಳಗಳೂ ಇಲ್ಲ. ರಕ್ತ ಎಳೆದುಕೊಳ್ಳುವ ಕಡೆಯ ಆರ್ಟೀರಿಯಲ್ ಪ್ರೆಷರ್ ಆರಂಭದಿಂದಲೂ ಸರಿಯಾಗಿಯೇ ಇತ್ತು. ರಕ್ತ ಬರುತ್ತಿದೆ, ಹೃದಯದ ಕಡೆಗೆ ಮರಳುವ ದಾರಿ ಮಾತ್ರ ಮುಚ್ಚಿದೆ ಎಂದು ಯಂತ್ರ ನಿಜವನ್ನೇ ಹೇಳುತ್ತಿತ್ತು. ಪಂಪ್ ಓಡಿದ ಅಷ್ಟಿಷ್ಟು ಹೊತ್ತಿನಲ್ಲೂ ನಾನು ಬಹುಶಃ ಶುದ್ಧಿಯಾದ ರಕ್ತವನ್ನೇ ಮತ್ತೆ ಎಳೆದು ಶುದ್ಧಿ ಮಾಡುತ್ತಿದ್ದೆ.

ಪಟ್ಟಿ ಬಿಚ್ಚಿದ ಒಡನೆ ಒತ್ತಡ 140ಕ್ಕೆ ಇಳಿಯಿತು. ಈಗ ವಾರಕ್ಕೆ ಮೂರು ಸಲವೂ ಮೇಷ್ಟ್ರು ಸೂಜಿ ಹಾಕಿಸಿಕೊಂಡ ಮೇಲೆ ಟೂರ್ನಿಕೆಟ್ಟನ್ನು ನನ್ನ ಕೈಯಿಂದ ಪಡೆದು, ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡೇ ಮಲಗುತ್ತಾರೆ.